ಎಮ್ಮೆಗೆ ಹಾಡಿಲ್ಲ

ಕೊಡಂಗಲ್ ಸೀಮೆಯ ಬೊಮ್ರಾಸಪೇಟಿನಲ್ಲಿ ನಾನು ಇಳಿದುಕೊಂಡಿದ್ದ ಮನೆಯ ಹಿತ್ತಲಿನಿಂದ, ಬೆಳಗಿನ ಐದು ಗಂಟೆಗೆ ಇನ್ನೂ ಕೆಲವು ನಿಮಿಷಗಳು ಉಳಿದಿರುವಾಗಲೇ, ಬರಿದಾದ ಚರಿಗೆಯ ತಳಕ್ಕೆ ಹಾಲಿನ ಮೊದಲ ಧಾರೆ ಬಿದ್ದ ಸದ್ದು ಕೇಳಿಸಿತು. ಎದ್ದು ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತೆನು. ಆ ಮನೆಯ ಆಯಿ, ಎಪ್ಪತ್ತನ್ನು ದಾಟಿದವರು, ಕುಕ್ಕರಗಾಲಿನಲ್ಲಿ ಕುಳಿತು ಮೊಣಕಾಲುಗಳ ನಡುವೆ ಚರಿಗೆಯನ್ನು ಇರುಕಿಸಿಕೊಂಡು, ಹಣೆಯನ್ನು ಎಮ್ಮೆಯ ಪಕ್ಕೆಗೆ ಆನಿಸಿ, ಎರಡೂ ಕೈಗಳಿಂದ ಹಿಂಡುತ್ತಿದ್ದರು. ನನ್ನ ನೆರಳು ಬಿದ್ದೊಡನೆ ತಲೆಯನ್ನೂ ಎತ್ತದೆ ಅಂದರು: "ಅಲ್ಲೇ ನಿಲ್ಲು ತಮ್ಮಾ, ಹೊಸಾ ಮಾರಿ ನೋಡಿದ್ರ ಎಮ್ಮಿ ಹಾಲು ಏರಸ್ತದ."

ಎಮ್ಮೆ ಎಂದರೆ ಮಂದ ಚರ್ಮದ ಮಂದ ಬುದ್ಧಿಯ ಪ್ರಾಣಿಯೆಂದು ಶಾಲೆಯ ದಿನಗಳಿಂದಲೂ ಕೇಳುತ್ತ ಬಂದ ನನ್ನಂಥವನಿಗೆ, ಅದು ಅಪರಿಚಿತನ ಮುಖವನ್ನು ಕಂಡು ಸಂಕೋಚಪಟ್ಟು ಕೆಚ್ಚಲಿಗಿಳಿದ ಹಾಲನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟು ಸೂಕ್ಷ್ಮಸ್ವಭಾವದ್ದೆಂಬುದು ಹೊಸ ಸಂಗತಿಯಾಗಿತ್ತು. ಆಯಿ ನೆಂಟರ ಊರಿಗೆ ಹೋದ ದಿನ ಮಗನು ಅವರ ಹಳೆಯ ಸೀರೆಯೊಂದನ್ನು ಮೈಮೇಲೆ ಹೊದ್ದುಕೊಂಡು ಕುಳಿತರೆ ಮಾತ್ರ ಎಮ್ಮೆ ಸೊರೆಬಿಡುತ್ತದೆಯಂತೆ; ಮಂಡಲದ ಕಚೇರಿಯಲ್ಲಿ ಗುಮಾಸ್ತನಾಗಿರುವ ಆ ಗೃಹಸ್ಥನು ಈ ವೃತ್ತಾಂತವನ್ನು ನನಗೆ ಹೇಳುವಾಗ ಬಾಗಿಲ ಕಡೆಗೆ ಒಮ್ಮೆ ನೋಡಿ ಸ್ವರವನ್ನು ತಗ್ಗಿಸಿದನು.

ಆಯಿ ಎಮ್ಮೆಯೊಡನೆ ಮಾತನಾಡುವುದು ಕನ್ನಡದಲ್ಲಿ. ಬೇಲಿಯಾಚೆಯ ನೆರೆಯಾಕೆಯೊಡನೆ ತೆಲುಗು. ಹಾಲು ಒಯ್ಯಲು ಬೈಕಿನ ಎರಡು ಮಗ್ಗುಲಿಗೂ ಕ್ಯಾನು ತೂಗಹಾಕಿಕೊಂಡು ಬರುವ ಹುಡುಗನೊಡನೆ ದಖನಿ. ಹೀಗಾಗಿ ಅದೊಂದೇ ಪ್ರಾಣಿ ಸೂರ್ಯೋದಯಕ್ಕೆ ಮೊದಲೇ ಎಮ್ಮಿಯೂ ಬರ್ರೆಯೂ ಭೈಂಸೂ ಆಗಿಬಿಟ್ಟಿರುತ್ತದೆ. ಈ ಸೀಮೆಯ ಚರಿತ್ರೆಯನ್ನು ತಿಳಿಯಬೇಕಾದವನಿಗೆ ಇದಕ್ಕಿಂತ ಹೆಚ್ಚಿನ ಪೀಠಿಕೆ ಬೇಡ. ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಗೂ, ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಗೂ ಸೇರಿದ್ದವು. 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಾದಾಗ, ಇವು ಆಂಧ್ರಪ್ರದೇಶದ ಪಾಲಾದುವು. ಗಡಿಯನ್ನು ಎಳೆದವರು ಮನುಷ್ಯರ ಮಾತುಗಳನ್ನು ಎಣಿಸಿದರು. ದನಕರುಗಳು ಯಾವ ಭಾಷೆಯ ಹೊಯ್ ಎಂಬ ಕೂಗಿಗೆ ಓಗೊಡುತ್ತವೆಂಬುದನ್ನು ಯಾರೂ ಕೇಳಲಿಲ್ಲ.

ಹಾಲು ಅಳೆದುಕೊಟ್ಟು ಚಹಾ ಕಾಯಿಸಿದ ಮೇಲೆ ಆಯಿ ಸೆರಗಿನಿಂದ ಕೈಯೊರಸಿಕೊಂಡು ನನ್ನ ಮುಂದೆ ಮೊಬೈಲನ್ನು ಹಿಡಿದರು. ಅಮೆರಿಕದಲ್ಲಿರುವ ಮೊಮ್ಮಗನು ಯೆಲ್ಲೊಸ್ಟೋನ್ ವನಕ್ಕೆ ಹೋಗಿದ್ದಾಗ ತೆಗೆದು ಕಳಿಸಿದ ಚಿತ್ರ. ಹಿಮದ ನಡುವೆ ಭುಜವುಬ್ಬಿದ, ಗಡ್ಡವಿಳಿದ, ಕತ್ತಿನಿಂದ ಮುಂಗಾಲಿನವರೆಗೂ ದಟ್ಟ ಉಣ್ಣೆ ಬೆಳೆದ ಮಹಾಕಾಯ. ಕೆಳಗೆ ಆತ ಬರೆದಿದ್ದ: ಆಯಿ, ಇಲ್ಲಿನ ಎಮ್ಮಿ. "ಇದೆಂಥಾ ಎಮ್ಮಿ ತಮ್ಮಾ, ಕಂಬಳಿ ಹೊತ್ಕೊಂಡು ನಿಂತದ?" ಎಂದು ನಕ್ಕು, ಕ್ಷಣಕಾಲ ಯೋಚಿಸಿ ಕೇಳಿದರು: "ಇದನ್ನ ಹಿಂಡ್ತಾರೇನು?"

ಇಲ್ಲವೆಂದೆನು. ಆ ಪ್ರಶ್ನೆ ಮಾತ್ರ ನನ್ನ ಬೆನ್ನುಬಿಡಲಿಲ್ಲ. ಏಕೆಂದರೆ ಅಮೆರಿಕದ ಬಫೆಲೊವಿನ ಸಮಸ್ತ ಕಥೆಯೂ ಅದನ್ನು ಯಾರೂ ಹಿಂಡಲಿಲ್ಲ, ಬೇಟೆಯಾಡಿದರು ಎಂಬುದರಲ್ಲಿಯೇ ಅಡಗಿದೆ. ಮೊದಲನೆಯದಾಗಿ ಅದು ಎಮ್ಮೆಯೇ ಅಲ್ಲ, ಬೈಸನ್. ಯುರೋಪಿನಿಂದ ಬಂದವರು ತಾವು ಕೇಳಿಬಲ್ಲ ಹೆಸರನ್ನು ತಾವು ಕಾಣದಿದ್ದ ಪ್ರಾಣಿಗೆ ಅಂಟಿಸಿದರು. ಅದೇ ಜನರ ದಾಯಾದಿಗಳು ನಮ್ಮ ಮಲೆನಾಡಿಗೆ ಬಂದು, ಇಲ್ಲಿಯ ಕಾಟಿಯನ್ನು ಕಂಡು ಅದಕ್ಕೆ ಇಂಡಿಯದ ಬೈಸನ್ ಎಂದು ಹೆಸರಿಟ್ಟರು. ಅದೂ ಬೈಸನ್ ಅಲ್ಲ. ಅಲ್ಲಿ ತಪ್ಪಿದ ಹೆಸರನ್ನು ಇಲ್ಲಿ ಬಳಸಿ ಲೆಕ್ಕ ಸರಿಮಾಡಿದಂತಾಯಿತು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಈ ಪ್ರಾಣಿಗಳು ಮೂರು ಕೋಟಿಯಿಂದ ಆರು ಕೋಟಿಯವರೆಗೆ ಇದ್ದವೆಂದು ಅಂದಾಜು. ಆ ಶತಮಾನದ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸಾವಿರದಷ್ಟೂ ಕಷ್ಟದಿಂದ ಉಳಿದಿದ್ದವು. ಪೂರ್ವತೀರದ ಕಾರ್ಖಾನೆಗಳ ಯಂತ್ರಗಳಿಗೆ ಚರ್ಮದ ಪಟ್ಟಿಗಳು ಬೇಕಾಗಿದ್ದವು. ಚರ್ಮವನ್ನು ಸಾಗಿಸಲು ರೈಲು ಬಂದಿತ್ತು. ಇವೆಲ್ಲಕ್ಕೂ ಮಿಗಿಲಾಗಿ, ಲಕೋಟಾ ಮೊದಲಾದ ಬಯಲುನಾಡಿನ ಮೂಲನಿವಾಸಿಗಳು ಅನ್ನಕ್ಕೂ ಹೊದಿಕೆಗೂ ಗುಡಾರಕ್ಕೂ ಈ ಪ್ರಾಣಿಯನ್ನೇ ನಂಬಿದ್ದರಾದ ಕಾರಣ, ಅದು ಅಳಿದರೆ ಅವರು ತಾವಾಗಿಯೇ ಶರಣಾಗುವರೆಂದು ಸೈನ್ಯದ ಅಧಿಕಾರಿಗಳು ಎಣಿಸಿ ಆ ಸಂಹಾರವನ್ನು ಕಂಡೂ ಕಾಣದಂತಿದ್ದರು, ಕೆಲವೊಮ್ಮೆ ಕಂಡು ಹರಸಿದರು. ಕೊಂದು ಮುಗಿಸಿದ ಮೇಲೆ ಪಶ್ಚಾತ್ತಾಪ ಬಂತು. 1905ರಲ್ಲಿ ಬೈಸನ್ ರಕ್ಷಣೆಗೆಂದು ಒಂದು ಸಂಘ ಹುಟ್ಟಿತು. 1907ರಲ್ಲಿ ನ್ಯೂಯಾರ್ಕಿನ ಮೃಗಾಲಯದಿಂದ ಹದಿನೈದು ಪ್ರಾಣಿಗಳನ್ನು, ಅವುಗಳ ಪೂರ್ವಜರನ್ನು ಕೊಂದ ಅದೇ ರೈಲಿನಲ್ಲಿ ಹತ್ತಿಸಿ, ಒಕ್ಲಹೋಮಾಕ್ಕೆ ಹಿಂದಿರುಗಿಸಿದರು. 1913ರಿಂದ 1938ರವರೆಗೆ ಐದು ಸೆಂಟಿನ ನಾಣ್ಯದ ಮೇಲೆ ಅದರ ಆಕೃತಿಯನ್ನು ಮುದ್ರಿಸಿದರು. 2016ರಲ್ಲಿ ಅದನ್ನು ರಾಷ್ಟ್ರದ ಸಸ್ತನಿಯೆಂದು ಘೋಷಿಸಿದರು.

ಆ ವೃತ್ತಾಂತದಲ್ಲಿ ಆಯಿಗೆ ರುಚಿಸಿದುದು ಒಂದೇ ಒಂದು ವಿವರ. ಮರಗಳಿಲ್ಲದ ಆ ಬಯಲಿನಲ್ಲಿ ಬಂಡಿ ಹೂಡಿಕೊಂಡು ಹೋದ ಬಿಳಿಯರು ಒಲೆಯುರಿಗೆ ಬಫೆಲೊವಿನ ಒಣಗಿದ ಸೆಗಣಿಯನ್ನು ಆರಿಸಿ ತರುತ್ತಿದ್ದರೆಂದು ಹೇಳಿದಾಗ ಅವರ ಮುಖ ಅರಳಿತು. "ಹಂಗಾದ್ರ ಅವ್ರೂ ಕುಳ್ಳು ಉರಿಸ್ಯಾರ!" ಎಂದರು. ಕೊಟ್ಟಿಗೆಯ ಗೋಡೆಗೆ ತಟ್ಟಿದ್ದ ಅವರ ಕುಳ್ಳುಗಳ ಸಾಲಿನಲ್ಲಿ ಐದು ಬೆರಳುಗಳ ಗುರುತೂ ಸ್ಪಷ್ಟವಾಗಿತ್ತು.

ಅಮೆರಿಕದವರು ಕೊಂದು ಶೋಕಿಸಿದರು. ನಾವು ಐದು ಸಾವಿರ ವರ್ಷಗಳಿಂದ ಕಟ್ಟಿ ಹಿಂಡಿದ್ದೇವೆ, ಆದರೆ ಹಾಡಿ ಹೊಗಳಲಿಲ್ಲ. ಮೊಹೆಂಜೊದಾರೊವಿನ ಸುಪ್ರಸಿದ್ಧ ಮುದ್ರೆಯಲ್ಲಿ ಯೋಗಾಸನದಲ್ಲಿ ಕುಳಿತ ಪುರುಷನ ಶಿರೋಭೂಷಣವು ಎಮ್ಮೆಯ ಕೊಂಬಿನದು. ಸುತ್ತ ನಿಂತ ನಾಲ್ಕು ಪ್ರಾಣಿಗಳಲ್ಲಿ ಆನೆ, ಹುಲಿ, ಖಡ್ಗಮೃಗಗಳ ಜೊತೆಗೆ ಎಮ್ಮೆಯೂ ಉಂಟು, ಆಕಳು ಇಲ್ಲ. ಅಶೋಕನ ಕಾಲದಲ್ಲಿ ಬೌದ್ಧಧರ್ಮಪ್ರಸಾರಕ್ಕಾಗಿ ಮಹಾದೇವನೆಂಬ ಸ್ಥವಿರನನ್ನು ಮಹಿಷಮಂಡಲಕ್ಕೆ ಕಳುಹಿಸಲಾಯಿತೆಂದು ಸಿಂಹಳದ ಮಹಾವಂಸವು ಹೇಳುತ್ತದೆ. ಅದು ಮೈಸೂರು ಸೀಮೆಯೆಂದು ಅನೇಕ ವಿದ್ವಾಂಸರ ಮತ. ತಮಿಳಿನ ಎರುಮೈ, ತೆಲುಗಿನ ಎನುಮು, ನಮ್ಮ ಎಮ್ಮೆ, ಇವು ಒಂದೇ ಬೇರಿನ ಚಿಗುರುಗಳು. ಅಮೆರಿಕದಲ್ಲಿ ಬಫೆಲೊ ಎಂಬ ನಗರವುಂಟು, ಅಲ್ಲಿನವರು ಆ ಹೆಸರನ್ನು ಎದೆತಟ್ಟಿ ಹೇಳಿಕೊಳ್ಳುತ್ತಾರೆ. ನಮ್ಮ ಮೈಸೂರೂ ಮಹಿಷನ ಊರು, ಅರ್ಥತಃ ಎಮ್ಮೆಯೂರೇ. ಆದರೆ ಮಲ್ಲಿಗೆಯ ಹೆಸರಿನಲ್ಲಿಯೂ ರೇಷ್ಮೆಯ ಹೆಸರಿನಲ್ಲಿಯೂ ಅದನ್ನು ಹೊಗಳುವವರು ಈ ಅರ್ಥದ ಹತ್ತಿರ ಸುಳಿಯುವುದಿಲ್ಲ. ಚಾಮುಂಡಿಬೆಟ್ಟದ ಮೇಲಿರುವ ಮಹಿಷಾಸುರನ ಪ್ರತಿಮೆಯನ್ನೇ ನೋಡಿರಿ: ಮೀಸೆಯುಂಟು, ಖಡ್ಗವುಂಟು, ಸರ್ಪವುಂಟು, ಎಮ್ಮೆಯ ಮೋರೆಯೊಂದು ಮಾತ್ರ ಇಲ್ಲ. ಎಮ್ಮಿಗನೂರು, ಎಮ್ಮೆದೊಡ್ಡಿ, ಕೋಣನೂರು, ಕೋಣನಕುಂಟೆ ಮುಂತಾದ ಸಣ್ಣ ಊರುಗಳಿಗೆ ಈ ನಾಚಿಕೆ ಅಂಟಲಿಲ್ಲ.

ಪುರಾಣವು ಇದನ್ನು ಅಸುರನ ವೇಷವಾಗಿಯೂ ಯಮನ ವಾಹನವಾಗಿಯೂ ಮಾಡಿತು. ಇವೆರಡೂ ದೊಡ್ಡವರ ಪುರಾಣ. ಹಳ್ಳಿಯ ಪುರಾಣ ಬೇರೆ, ಹೆಚ್ಚು ಕ್ರೂರ, ಹೆಚ್ಚು ನಿಜ. ದ್ಯಾಮವ್ವ, ದುರ್ಗವ್ವ, ಮಾರಮ್ಮರ ವಿಷಯವಾಗಿ ಬಯಲುಸೀಮೆಯ ಉದ್ದಗಲಕ್ಕೂ ಹೇಳುವ ಕಥೆಯ ತಿರುಳು ಇಷ್ಟು: ಮೇಲ್ಜಾತಿಯ ಹುಡುಗಿಯೊಬ್ಬಳನ್ನು, ತಾನೂ ಅದೇ ಜಾತಿಯವನೆಂದು ಹೇಳಿಕೊಂಡು ಬಂದ ಅಂತ್ಯಜನೊಬ್ಬನು ಮದುವೆಯಾಗುತ್ತಾನೆ, ಮಕ್ಕಳಾಗುತ್ತವೆ, ಒಂದು ದಿನ ಅವನ ತಾಯಿಯ ಬಾಯಿಂದ ಬಿದ್ದ ಮಾತಿನಿಂದ ಗುಟ್ಟು ಬಯಲಾಗಿ, ಕ್ರೋಧದಿಂದ ಅವಳು ದೇವತೆಯಾಗುತ್ತಾಳೆ, ಗಂಡನು ಕೋಣನಾಗುತ್ತಾನೆ. ಅಂದಿನಿಂದ ಜಾತ್ರೆಯ ದಿನ ಆ ಕೋಣನ ತಲೆ ಬೀಳಬೇಕು. ಮದ್ರಾಸಿನ ಬಿಷಪ್ಪರಾಗಿದ್ದ ಹೆನ್ರಿ ವೈಟ್‌ಹೆಡ್ ದಕ್ಷಿಣದ ಗ್ರಾಮದೇವತೆಗಳನ್ನು ಕುರಿತು 1916ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಬಲಿಗಳ ವಿವರಗಳು ಹೇರಳವಾಗಿವೆ. ಕೋಣನ ಮರಣಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ಕೊನೆಗೆ ಸಿಕ್ಕುವುದು ಜಾತಿಯ ಭಯ. ಮನುಷ್ಯನು ತನ್ನ ಕೊರಳಿಗೆ ಬರಬೇಕಾದ ಕತ್ತಿಯನ್ನು ಪ್ರಾಣಿಯ ಕೊರಳಿಗೆ ವರ್ಗಾಯಿಸಿದನೆಂದು ನನಗೆ ತೋರುತ್ತದೆ.

ಹೀಗೆ ಬಲಿಗೆಂದು ಬಿಟ್ಟ ದೇವರ ಕೋಣವು ಎರಡು ಮೂರು ವರ್ಷ ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುವಂತಿಲ್ಲ. ಕೆಲಸವಿಲ್ಲದೆ ಕೊಬ್ಬಿ ತಿರುಗುವ ತರುಣನನ್ನು ದೇವರ ಕೋಣನೆಂದು ಕರೆಯುವ ಮಾತು ನಮ್ಮಲ್ಲಿ ಉಳಿದಿರುವುದು ಅಲ್ಲಿಂದಲೇ. ದೇವಿಯ ಮುಂದೆ ಚಾವಟಿ ಬೀಸುತ್ತ ಬರುವ ಪೋತರಾಜನ ಹೆಸರಿನಲ್ಲಿರುವ ಪೋತು ಎಂಬುದು ತೆಲುಗಿನಲ್ಲಿ ಗಂಡುಪ್ರಾಣಿಗೆ, ಮುಖ್ಯವಾಗಿ ಕೋಣನಿಗೆ ಸಲ್ಲುವ ಮಾತು. ಈ ಸೀಮೆಯ ಗ್ರಾಮದೇವತೆ ಮೈಸಮ್ಮನ ಹೆಸರಿನಲ್ಲಿಯೂ ಮಹಿಷದ ನೆರಳನ್ನು ಕಾಣುವವರುಂಟು. ಪ್ರಾಣಿಬಲಿಯನ್ನು ಕರ್ನಾಟಕವು 1959ರ ಶಾಸನದಿಂದ ನಿಷೇಧಿಸಿತು. ಸಿರ್ಸಿಯ ಮಾರಿಕಾಂಬೆಯ ಜಾತ್ರೆಯಲ್ಲಿ ಶಾಸನಕ್ಕೂ ಮುಂಚೆಯೇ, ಗಾಂಧೀಜಿಯವರು 1934ರಲ್ಲಿ ಅಲ್ಲಿಗೆ ಹೋಗಿ ಬಂದ ಕಾಲದ ಆಸುಪಾಸಿನಲ್ಲಿ, ಬಲಿ ನಿಂತಿತ್ತು. ಬಲಿಗೆಂದು ಮೀಸಲಾಗಿದ್ದ ಪಟ್ಟದ ಕೋಣನಿಗೆ ಪಟ್ಟ ಮಾತ್ರ ಉಳಿಯಿತು. ಇತ್ತ ಹೈದರಾಬಾದಿನಲ್ಲಿ ದೀಪಾವಳಿ ಕಳೆದ ಮೇಲೆ ಯಾದವರು ನಡೆಸುವ ಸದರ್ ಉತ್ಸವದಲ್ಲಿ, ಹರಿಯಾಣದಿಂದ ತರಿಸಿದ ಮುರ್ರಾ ಕೋಣಗಳಿಗೆ ಎಣ್ಣೆ ತಿಕ್ಕಿ, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹಾರ ಹಾಕಿ ಮೆರವಣಿಗೆ ಮಾಡುತ್ತಾರೆ. ವರ್ಷಕ್ಕೊಂದು ದಿನವಾದರೂ ಕೋಣನು ತಲೆಯನ್ನು ಕತ್ತಿನ ಮೇಲಿಟ್ಟುಕೊಂಡೇ ಮನೆಗೆ ಹಿಂದಿರುಗುತ್ತಾನೆ.

ನಮ್ಮ ಗಾದೆಗಳೂ ಇದರ ಪಕ್ಷದಲ್ಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ, ಎಮ್ಮೆಯ ಮೇಲೆ ಮಳೆ ಸುರಿದಂತೆ, ಎತ್ತು ಏರಿಗೆ ಕೋಣ ನೀರಿಗೆ: ಮೂರರಲ್ಲಿಯೂ ಪೆಟ್ಟು ಅದಕ್ಕೇ. ಆದರೆ ನಾರಾಯಣಖೇಡದ ಕಡೆಗೆ ಮರಾಠಿಯೂ ಕಿವಿಗೆ ಬೀಳತೊಡಗುವುದರಿಂದ ಅಲ್ಲಿ ಇನ್ನೊಂದು ಕಥೆಯೂ ಸಿಕ್ಕುತ್ತದೆ. ಪೈಠಣದ ಪಂಡಿತರು ಬಾಲಕ ಜ್ಞಾನದೇವನನ್ನು ಹೀಯಾಳಿಸಿದಾಗ ಆತನು ಎದುರಿಗೆ ಹೋಗುತ್ತಿದ್ದ ಕೋಣನ ಬಾಯಿಂದಲೇ ವೇದವನ್ನು ಹೇಳಿಸಿದನೆಂದು ವಾರಕರಿಗಳು ನಂಬುತ್ತಾರೆ. ಕಿನ್ನರಿಯನ್ನು ಕೇಳಿಸಿಕೊಳ್ಳಲಾರದೆಂದು ನಾವು ತೀರ್ಮಾನಿಸಿದ ಪ್ರಾಣಿಯಿಂದ ಅವರು ವೇದವನ್ನೇ ಕೇಳಿಸಿಕೊಂಡರು. ನಮ್ಮ ಮಕ್ಕಳಿಗೆಲ್ಲ ಗೋವಿನ ಹಾಡು ಬಾಯಿಗೆ ಬರುತ್ತದೆ, ಎಮ್ಮೆಯ ಹಾಡೆಂಬುದೊಂದಿಲ್ಲ. 1966ರಲ್ಲಿ ಒಂದು ಚಲನಚಿತ್ರಕ್ಕೆ 'ಎಮ್ಮೆ ತಮ್ಮಣ್ಣ' ಎಂದು ಹೆಸರಾಯಿತು. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ರಾಜಕುಮಾರರು ಎಮ್ಮೆಯ ಬೆನ್ನೇರಿ ಅದನ್ನು ಕೊಂಡಾಡಿದ ಗೀತೆ ಮನೆಮಾತಾಗಿ, ಅವರು ಅಲ್ಲಿಂದ ಮುಂದೆ ತಮ್ಮ ಹಾಡುಗಳನ್ನು ತಾವೇ ಹಾಡುವಂತಾಯಿತು. ಒಬ್ಬ ಮಹಾಗಾಯಕನನ್ನು ನಾಡಿಗೆ ಕೊಟ್ಟ ಪ್ರಾಣಿಗೆ ಅದಾದರೂ ಸಂದಿತೆನ್ನಬಹುದು, ನಗೆಯ ಹಾಡಾದರೂ ಸರಿಯೆ.

ಗೌರವದ ಮಾತು ಹಾಗಿರಲಿ. ಹಣದ ಲೆಕ್ಕದಲ್ಲಿ ಎಮ್ಮೆಯನ್ನು ಮೀರಿಸುವುದು ಕಷ್ಟ. ಆಕಳ ಹಾಲಿನಲ್ಲಿ ಶೇಕಡಾ ನಾಲ್ಕರ ಆಸುಪಾಸು ಜಿಡ್ಡಿದ್ದರೆ ಎಮ್ಮೆಯದರಲ್ಲಿ ಆರರಿಂದ ಎಂಟು. ಹಾಲಿನ ಕೇಂದ್ರದಲ್ಲಿ ಬೆಲೆ ಕಟ್ಟುವುದು ಲೀಟರಿಗಲ್ಲ, ಫ್ಯಾಟಿಗೆ. ಆದುದರಿಂದಲೇ ಆಯಿ ಜೋಳದ ಕಣಕಿಯ ಜೊತೆಗೆ ಹತ್ತಿಕಾಳನ್ನು ನೆನೆಹಾಕಿ ತಿನ್ನಿಸುತ್ತಾರೆ, ತೊಗರಿಯ ಹೊಟ್ಟನ್ನು ಕಾಳಿನಷ್ಟೇ ಜೋಪಾನವಾಗಿ ಕಾದಿಡುತ್ತಾರೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಮಾನ್ಯತೆ ಬಂದಿತು. ಬೇಳೆಯ ಖ್ಯಾತಿ ಪಟ್ಟಣಗಳಿಗೆ ಹೋಯಿತು. ಹೊಟ್ಟು ಇಲ್ಲಿಯ ಗೋದಲಿಗೆ ಉಳಿಯಿತು. ಧಾರವಾಡದ ಪೇಡೆಯ ಹಿಂದಿರುವುದೂ ಎಮ್ಮೆಯೇ. ಆ ಸೀಮೆಯ ತಳಿಗೆ ಧಾರವಾಡಿಯೆಂಬ ಹೆಸರಿನಲ್ಲಿ ರಾಷ್ಟ್ರೀಯ ಮಾನ್ಯತೆ ದೊರೆತುದು ತೀರ ಈಚೆಗೆ, 2021ರಲ್ಲಿ. ಎಮ್ಮೆಯ ಹಾಲನ್ನು ಪುಡಿಮಾಡಲು ಸಾಧ್ಯವೇ ಇಲ್ಲವೆಂದು ಯುರೋಪಿನ ತಜ್ಞರು ಹೇಳುತ್ತಿದ್ದ ಕಾಲದಲ್ಲಿ, ಗುಜರಾತಿನ ಆಣಂದದಲ್ಲಿ ಡೈರಿ ತಜ್ಞ ಎಚ್.ಎಂ. ದಲಾಯರು ಅದನ್ನು ಮಾಡಿ ತೋರಿಸಿದರು. ಅಲ್ಲಿಯ ಕಾರ್ಖಾನೆಯನ್ನು 1955ರ ಅಕ್ಟೋಬರ್ 31ರಂದು ನೆಹರೂ ಉದ್ಘಾಟಿಸಿದರು. ಆಕಳಿನ ದೇಶಗಳು ಎಮ್ಮೆಯನ್ನು ನಂಬದಿದ್ದುದೇ ಅಮುಲ್‌ನ ಭಾಗ್ಯಕ್ಕೆ ಕಾರಣವಾಯಿತೆಂದರೆ ಅತಿಶಯೋಕ್ತಿಯೇನೂ ಅಲ್ಲ. 2019ರ ಜಾನುವಾರು ಗಣತಿಯಲ್ಲಿ ಭಾರತದ ಎಮ್ಮೆಗಳು ಸುಮಾರು 11 ಕೋಟಿ. ಆಕಳ ಜಾತಿಯವು 19 ಕೋಟಿಗೂ ಮೇಲು. ಸಂಖ್ಯೆಯಲ್ಲಿ ಇಷ್ಟು ಹಿಂದಿರುವ ಎಮ್ಮೆಯೇ ದೇಶದ ಹಾಲಿನಲ್ಲಿ ಅರ್ಧದ ಹತ್ತಿರದಷ್ಟನ್ನು ಕೊಡುತ್ತದೆ.

ಸಂತೆಯಲ್ಲಿ ನಿಂತು ನೋಡಿದರೆ ಈ ಲೆಕ್ಕದ ಇನ್ನೊಂದು ಮುಖ ಕಾಣುತ್ತದೆ. ದಲ್ಲಾಳಿಯು ಎಮ್ಮೆಯ ತುಟಿಯನ್ನು ಸರಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದ್ದೋ ಎಂದು ನೋಡುತ್ತಾನೆ, ಎಷ್ಟನೆಯ ಸೂಲು ಎಂದು ಕೇಳುತ್ತಾನೆ, ಸುಳಿ ಹುಡುಕುತ್ತಾನೆ, ಕೆಚ್ಚಲನ್ನು ಅಂಗೈಯಲ್ಲಿ ತೂಗುತ್ತಾನೆ. ಆಮೇಲೆ ಟವಲಿನ ಮರೆಯಲ್ಲಿ ಎರಡು ಕೈಗಳು ಬೆರಳು ಹಿಡಿದು ಮೌನವಾಗಿ ಜಗಳವಾಡುತ್ತವೆ. ಅಲ್ಲಿ ಹೆಣ್ಣುಕರುವಿಗೆ ಬೆಲೆಯುಂಟು, ಮಣಕಕ್ಕೆ ಬೆಲೆಯುಂಟು, ಗಬ್ಬದ ಎಮ್ಮೆಗೆ ಎಲ್ಲಕ್ಕಿಂತ ಹೆಚ್ಚು. ಗಂಡುಕರುವನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಕೋಣನನ್ನು ಹೂಡುವ ಗದ್ದೆ ಈ ಕಪ್ಪುನೆಲದಲ್ಲಿ ಇಲ್ಲ. ಇದ್ದಷ್ಟು ಕೆಲಸವನ್ನೂ ಟ್ರ್ಯಾಕ್ಟರು ನುಂಗಿತು. ಎಮ್ಮೆ ಸೊರೆಬಿಡುವವರೆಗೆ ಕೆಚ್ಚಲಿಗೆ ಬಿಟ್ಟು ಕೂಡಲೇ ಎಳೆದು ಕಟ್ಟುವ ಆ ಕರುವಿನ ಹೊಟ್ಟೆಗೆ ಹೋಗುವುದೆಷ್ಟು, ಚರಿಗೆಗೆ ಹೋಗುವುದೆಷ್ಟು ಎಂಬುದನ್ನು ಪ್ರತಿಯೊಂದು ಮನೆಯೂ ಬಲ್ಲುದು, ಯಾವ ಮನೆಯೂ ಹೇಳುವುದಿಲ್ಲ.

ಕಾನೂನು ಸಹ ಈ ತಾರತಮ್ಯಕ್ಕೆ ಮುದ್ರೆಯೊತ್ತಿದೆ. ಸಂವಿಧಾನದ 48ನೆಯ ವಿಧಿಯು ಹಾಲು ಕೊಡುವ ಮತ್ತು ದುಡಿಯುವ ದನಗಳೆಲ್ಲವನ್ನೂ ಹೆಸರಿಸಿತಾದರೂ, 1958ರ ಮಹಮ್ಮದ್ ಹನೀಫ್ ಕುರೇಶಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಆಕಳ ವಧೆಯನ್ನು ಸಂಪೂರ್ಣವಾಗಿ ನಿಷೇಧಿಸಬಹುದೆಂದೂ, ಎಮ್ಮೆಗೆ ಮಾತ್ರ ಆ ರಕ್ಷಣೆ ಅದು ಉಪಯುಕ್ತವಾಗಿರುವವರೆಗೆ ಸಾಕೆಂದೂ ತೀರ್ಪಿತ್ತಿತು. ಕರ್ನಾಟಕದ 2020ರ ಶಾಸನದಲ್ಲಿ ಆ ಗಡುವು ಹದಿಮೂರು ವರ್ಷ. ಮುದಿಯಾದ ಆಕಳಿಗೆ ಗೋಶಾಲೆಯಾದರೂ ಉಂಟು. ಮುದಿಯಾದ ಎಮ್ಮೆಗೆ ಲಾರಿ. ಸಾಕಿದವನಿಗೆ ಅದರಿಂದ ಹೊಸ ಮಣಕಕ್ಕೆ ಅರ್ಧದಷ್ಟಾದರೂ ಹಣ ಬರುತ್ತದೆ, ಆದುದರಿಂದಲೇ ಸಣ್ಣ ರೈತನು ಆಕಳನ್ನು ಬಿಟ್ಟು ಎಮ್ಮೆಯನ್ನು ಕಟ್ಟುತ್ತಾನೆಂಬುದೂ ಅಷ್ಟೇ ಸತ್ಯ. ಈ ವಿಷಯದಲ್ಲಿ ನೀತಿಯ ಮಾತನ್ನಾಡುವವರು ಮೊದಲು ಒಂದು ವರ್ಷ ಮೇವು ಕೊಂಡು ಹಾಕಿ ನೋಡಬೇಕು.

ಮಧ್ಯಾಹ್ನ ಎಮ್ಮೆಯ ಹಿಂದೆ ನಾನೂ ಕೆರೆಗೆ ಹೋದೆನು. ಕಪ್ಪು ಚರ್ಮ, ವಿರಳವಾದ ರೋಮ, ಬೆವರಿನ ಗ್ರಂಥಿಗಳೂ ವಿರಳ. ಹೀಗಿರುವ ಪ್ರಾಣಿಗೆ ದಖ್ಖನಿನ ಬಿಸಿಲಿನಲ್ಲಿ ನೀರು ವಿಲಾಸವಲ್ಲ, ಔಷಧ. ಮೈಗೆ ಮೆತ್ತಿದ ಕೆಸರು ಒಣಗಿ ನೊಣಗಳ ಕಾಟಕ್ಕೆ ಕವಚವಾಗುತ್ತದೆ. ಕೆರೆಯಲ್ಲಿ ಮೊಣಕಾಲಿನಷ್ಟು ನೀರಿತ್ತು. ಎಮ್ಮೆ ಆತುರವಿಲ್ಲದೆ ಇಳಿದು, ಮೊದಲು ಮುಂಗಾಲು ಮಡಚಿ, ಒಂದು ದೀರ್ಘನಿಶ್ವಾಸದೊಡನೆ ಮಗ್ಗುಲಾಗಿ, ಕೊನೆಗೆ ಮೂಗಿನ ಹೊಳ್ಳೆಗಳು, ಕಣ್ಣು, ಕೊಂಬಿನ ಬಳುಕು ಇಷ್ಟೇ ನೀರಿನ ಮೇಲೆ ಉಳಿಯುವಂತೆ ಮುಳುಗಿತು. ಒಂದು ಬೆಳ್ಳಕ್ಕಿ ಬಂದು ಅದರ ನೆತ್ತಿಯ ಮೇಲೆ ನಿಂತಿತು. ಒಂದೂವರೆ ಗಂಟೆಯ ಕಾಲ ಇವೆರಡರಲ್ಲಿ ಯಾವುದೂ ಕದಲಲಿಲ್ಲ; ಹೊತ್ತು ಹೋದುದು ನನಗೂ ತಿಳಿಯಲಿಲ್ಲ.

ಆಗ ಅದು ಎಂಟು ತಿಂಗಳ ಗಬ್ಬ. ಇನ್ನು ಕೆಲವೇ ದಿನ ಹಿಂಡಿ ಬತ್ತಿಸುವುದೆಂದು ಆಯಿ ಹೇಳಿದ್ದರು. ಆಕಳಿಗಿಂತ ಎಮ್ಮೆ ಒಂದು ತಿಂಗಳು ಹೆಚ್ಚಾಗಿಯೇ ಹೊರುತ್ತದೆ, ಹತ್ತು ತಿಂಗಳು ದಾಟಬೇಕು. ಅದಕ್ಕೆ ಬೆದೆ ಬಂದದ್ದೇ ಮನೆಯಲ್ಲಿ ಮೊದಲು ಯಾರಿಗೂ ತಿಳಿದಿರಲಿಲ್ಲವಂತೆ. ಎಮ್ಮೆಯ ಬೆದೆ ಮೂಕ, ಕೂಗುವುದಿಲ್ಲ, ಕಣ್ಣಿಟ್ಟು ಕಾಯುವವರಿಗೆ ಮಾತ್ರ ಗೊತ್ತಾಗುತ್ತದೆ. ಹೊರಡುವಾಗ ನಾನು, ಯಾವ ಕರು ಬೇಕು ಆಯಿ ಎಂದು ಕೇಳಿದೆನು. ಅವರು ಮಾತನಾಡದೆ ಎಮ್ಮೆಯ ಬೆನ್ನಿನ ಮೇಲಿನ ಒಣಕೆಸರನ್ನು ಉಗುರಿನಿಂದ ಕೆರೆದು ತೆಗೆಯುತ್ತಲೇ ಇದ್ದರು.

ಮೊನ್ನೆ ಶುಕ್ರವಾರ ಅವರ ಮಗನ ಫೋನು ಬಂದಿತು. ಎಮ್ಮೆ ಈದಿದೆ, ಹೆಣ್ಣುಕರು. ಗಿಣ್ಣಕ್ಕೆ ಬಾ ಎಂದು ಆಯಿ ಕರೆದಿದ್ದಾರೆ.